ನೃತ್ಯ ತರಗತಿ: ವೇದಿಕೆಗೋ, ವಿದ್ಯಾರ್ಥಿಗೋ?

ಯುವಜನೋತ್ಸವದ ಸುತ್ತೋಲೆ ಬಂದಾಗ ಮಾತ್ರ ನಮ್ಮ ಕಾಲೇಜುಗಳಿಗೆ ನೃತ್ಯದ ನೆನಪಾಗುತ್ತದೆ. ಚಿಕ್ಕಂದಿನಿಂದ ಹೊರಗೆಲ್ಲೋ ಭರತನಾಟ್ಯ ಕಲಿತ ಒಬ್ಬ ವಿದ್ಯಾರ್ಥಿನಿಯನ್ನು ಏಕವ್ಯಕ್ತಿ ಸ್ಪರ್ಧೆಗೂ, ಚೆನ್ನಾಗಿ ಕುಣಿಯಬಲ್ಲ ಎಂಟು ಹತ್ತು ಮಂದಿಯನ್ನು ಸಮೂಹ ನೃತ್ಯಕ್ಕೂ ಆರಿಸಲಾಗುತ್ತದೆ. ಮೂರು ವಾರ ತಾಲೀಮು, ಹಾಜರಾತಿಯಲ್ಲಿ ರಿಯಾಯಿತಿ, ಬಾಡಿಗೆಗೆ ತಂದ ವೇಷಭೂಷಣ. ಬಹುಮಾನ ಬಂದರೆ ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ಇನ್ನೊಂದು ಫಲಕ ಸೇರುತ್ತದೆ. ಬಾರದಿದ್ದರೆ ಮುಂದಿನ ವರ್ಷದವರೆಗೆ ಆ ಮಾತೇ ಇಲ್ಲ. ಎರಡು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಉಳಿದವರೆಲ್ಲರೂ ಚಪ್ಪಾಳೆ ತಟ್ಟಲು ಕುಳಿತ ಪ್ರೇಕ್ಷಕರು.

ನಾನು ನೃತ್ಯಪಟುವಲ್ಲ. ಮೂರು ದಶಕಗಳ ಕಾಲ ಪದವಿ ತರಗತಿಗಳಿಗೆ ಅರ್ಥಶಾಸ್ತ್ರ ಕಲಿಸಿದವನು. ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬಂದು, ಆರು ಗಂಟೆ ಕಿರಿದಾದ ಬೆಂಚಿನಲ್ಲಿ ಕುಳಿತು, ಮತ್ತೆ ಎರಡು ಬಸ್ಸಿನಲ್ಲಿ ನಿಂತೇ ಮನೆಗೆ ಹೋಗುವ ಹುಡುಗ ಹುಡುಗಿಯರನ್ನು ಅಷ್ಟೂ ವರ್ಷ ನೋಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಮಕಾಲೀನ ನೃತ್ಯದ ತರಗತಿಗಳು ಬೇಕು. ಆದರೆ ಅವು ಬೇಕಾಗಿರುವುದು ಕುಣಿಯಲು ಬಾರದ ವಿದ್ಯಾರ್ಥಿಗಳಿಗೆ. ಈ ಒಂದು ಷರತ್ತನ್ನು ಬಿಟ್ಟುಕೊಟ್ಟರೆ ಇಡೀ ಪ್ರಯತ್ನವೇ ಯುವಜನೋತ್ಸವದ ಇನ್ನೊಂದು ತಾಲೀಮಾಗಿ ಮುಗಿಯುತ್ತದೆ.

ಸಮಕಾಲೀನ ನೃತ್ಯವೆಂದರೆ ಏನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 2009ರಲ್ಲಿ ಹಿಂದಿ ಕಿರುತೆರೆಯಲ್ಲಿ ‘ಡ್ಯಾನ್ಸ್ ಇಂಡಿಯಾ ಡ್ಯಾನ್ಸ್’ ಆರಂಭವಾದ ಮೇಲೆ ‘ಕಂಟೆಂಪರರಿ’ ಎಂಬ ಪದ ನಮ್ಮ ಮನೆಮನೆಗೂ ತಲುಪಿತು. ಅದರೊಂದಿಗೆ ಒಂದು ತಪ್ಪು ಕಲ್ಪನೆಯೂ ತಲುಪಿತು. ಸಂಗಾತಿಯನ್ನು ತಲೆಯ ಮೇಲಕ್ಕೆ ಎತ್ತುವುದು, ಗಾಳಿಯಲ್ಲಿ ತಿರುಗಿ ಬೀಳುವುದು, ಕೊನೆಗೆ ತೀರ್ಪುಗಾರರ ಕಣ್ಣಲ್ಲಿ ನೀರು ತರಿಸುವುದು, ಇದೇ ಸಮಕಾಲೀನ ನೃತ್ಯ ಎಂದು ಬಹುಮಂದಿ ನಂಬಿದ್ದಾರೆ. ವಾಸ್ತವದಲ್ಲಿ ಈ ಪ್ರಕಾರ ಹುಟ್ಟಿದ್ದು ಕಸರತ್ತಿನ ಹಂಬಲದಿಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಸಡೋರಾ ಡಂಕನ್ ಬ್ಯಾಲೆಯ ಬಿಗಿಯಾದ ಪಾದರಕ್ಷೆಗಳನ್ನು ಕಳಚಿ ಬರಿಗಾಲಿನಲ್ಲಿ ನಿಂತರು. ಮಾರ್ಥಾ ಗ್ರಹಾಂ ಉಸಿರಾಟದಲ್ಲಿ ಒಡಲು ಕುಗ್ಗಿ ಹಿಗ್ಗುವ ಸಹಜ ಕ್ರಿಯೆಯಿಂದಲೇ ತಮ್ಮ ಪದ್ಧತಿಯನ್ನು ಕಟ್ಟಿದರು. ಡೋರಿಸ್ ಹಂಫ್ರಿ ಬೀಳುವುದು ಮತ್ತು ಸಾವರಿಸಿಕೊಳ್ಳುವುದರ ನಡುವಿನ ಕ್ಷಣವನ್ನು ನೃತ್ಯದ ಮೂಲವೆಂದರು. ನಿಲ್ಲುವುದು, ನಡೆಯುವುದು, ಬೀಳುವುದು, ಏಳುವುದು, ಉಸಿರಾಡುವುದು: ಎಲ್ಲರೂ ದಿನನಿತ್ಯ ಮಾಡುವ ಈ ಕ್ರಿಯೆಗಳೇ ಈ ನೃತ್ಯದ ಅಕ್ಷರಮಾಲೆ.

ಇದು ವಿಶ್ವವಿದ್ಯಾಲಯದೊಳಗೆ ಪ್ರವೇಶಿಸಿದ ಬಗೆಯೂ ಕುತೂಹಲಕರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಎಚ್‌ಡೂಬ್ಲರ್ ಎಂಬ ಅಧ್ಯಾಪಕಿ ಇದ್ದರು. ಆಕೆ ಓದಿದ್ದು ಜೀವಶಾಸ್ತ್ರ, ಕಲಿಸುತ್ತಿದ್ದುದು ಬಾಸ್ಕೆಟ್‌ಬಾಲ್. ಕಾಲೇಜು ವಿದ್ಯಾರ್ಥಿನಿಯ ಸಮಯಕ್ಕೆ ಯೋಗ್ಯವಾದ ನೃತ್ಯವೊಂದನ್ನು ಹುಡುಕಿ ಬರುವಂತೆ ವಿಭಾಗದ ಮುಖ್ಯಸ್ಥೆ ಆಕೆಯನ್ನು ಕೇಳಿಕೊಂಡಿದ್ದರು. ನ್ಯೂಯಾರ್ಕಿನ ನೃತ್ಯ ಶಾಲೆಗಳನ್ನು ನೋಡಿದ ಎಚ್‌ಡೂಬ್ಲರ್‌ಗೆ ಅಲ್ಲಿನ ಬಹುಪಾಲು ಪಾಠ ಹಿಡಿಸಲಿಲ್ಲ. ಒಬ್ಬರು ಮಾಡಿದ್ದನ್ನು ಉಳಿದವರು ಅನುಕರಿಸುವುದರಲ್ಲಿ ಶಿಕ್ಷಣ ಎಲ್ಲಿದೆ ಎಂಬುದು ಆಕೆಯ ಸಂದೇಹ. 1917ರಲ್ಲಿ ಹಿಂದಿರುಗಿ ತರಗತಿ ಆರಂಭಿಸಿದಾಗ ಆಕೆ ವಿದ್ಯಾರ್ಥಿನಿಯರನ್ನು ನೆಲದ ಮೇಲೆ ಮಲಗಿಸಿದರು. ದೇಹದ ಭಾರವನ್ನು ನೆಲ ಹೊತ್ತಾಗ ಭುಜ, ಸೊಂಟ, ಮೊಣಕಾಲು ಯಾವ ಯಾವ ದಿಕ್ಕಿಗೆ ಚಲಿಸಬಲ್ಲವು ಎಂಬುದನ್ನು ಪ್ರತಿಯೊಬ್ಬಳೂ ತಾನೇ ಕಂಡುಕೊಳ್ಳಬೇಕಾಗಿತ್ತು. ತರಗತಿಯಲ್ಲಿ ಪಾಠೋಪಕರಣವಾಗಿ ಒಂದು ಅಸ್ಥಿಪಂಜರವಿರುತ್ತಿತ್ತು. 1926ರಲ್ಲಿ ಅದೇ ವಿಶ್ವವಿದ್ಯಾಲಯ ನೃತ್ಯವನ್ನು ಪದವಿಯ ಪ್ರಧಾನ ವಿಷಯವಾಗಿ ಅಂಗೀಕರಿಸಿತು. ಅಮೆರಿಕದಲ್ಲಿ ಅದೇ ಮೊದಲು. ಅದಕ್ಕೆ ಅಡಿಪಾಯ ಹಾಕಿದಾಕೆ ರಂಗದ ಮೇಲಿನ ನರ್ತಕಿಯಾಗಿರಲಿಲ್ಲ, ಶಿಕ್ಷಕಿಯಾಗಿದ್ದರು ಎಂಬುದನ್ನು ನಮ್ಮ ಪಠ್ಯಕ್ರಮ ರೂಪಿಸುವವರು ಗಮನಿಸಬೇಕು.

ಇನ್ನೊಂದು ಪ್ರಸಂಗ 1972ರ ಜನವರಿಯದು. ಓಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಎಂಬ ನೃತ್ಯಗಾರ ಗಂಡು ವಿದ್ಯಾರ್ಥಿಗಳ ಗುಂಪೊಂದನ್ನು ವ್ಯಾಯಾಮಶಾಲೆಯ ಚಾಪೆಗಳ ಮೇಲೆ ಸೇರಿಸಿ, ಬೀಳುವುದನ್ನೂ ಉರುಳುವುದನ್ನೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಆ ವೇಗವನ್ನು ಹಂಚಿಕೊಳ್ಳುವುದನ್ನೂ ಅಭ್ಯಾಸ ಮಾಡಿಸಿದರು. ಆ ಪ್ರಯೋಗದ ಕೊನೆಯಲ್ಲಿ ಎಲ್ಲರೂ ಸುಮ್ಮನೆ ನಿಂತರು. ನಿಂತಾಗಲೂ ದೇಹ ಬೀಳದಿರಲು ಒಳಗೆ ನಡೆಸುವ ಸಣ್ಣ ಸಣ್ಣ ಹೊಂದಾಣಿಕೆಗಳನ್ನು ಗಮನಿಸುವುದೇ ಅವರಿಗೆ ನೃತ್ಯವಾಗಿತ್ತು. ‘ಕಾಂಟ್ಯಾಕ್ಟ್ ಇಂಪ್ರೊವೈಸೇಷನ್’ ಎಂದು ಇಂದು ಜಗತ್ತಿನಾದ್ಯಂತ ಪ್ರಚಲಿತವಿರುವ ಅಭ್ಯಾಸ ಬೆಳೆದದ್ದು ಅಲ್ಲಿಂದ. ಗಂಡು ಮಕ್ಕಳಿಗೆ ಒಬ್ಬರನ್ನೊಬ್ಬರು ಮುಟ್ಟಲು ಜಗಳ ಇಲ್ಲವೇ ಆಟ, ಈ ಎರಡೇ ನೆಪಗಳಿರುವ ನಮ್ಮ ಸಮಾಜದಲ್ಲಿ ಇದರ ಅರ್ಥ ದೊಡ್ಡದು.

ಇಷ್ಟನ್ನು ಓದಿದವರು ‘ಇವೆಲ್ಲ ಅಮೆರಿಕದ ಮಾತಾಯಿತು, ನಮ್ಮಲ್ಲಿ ಭರತನಾಟ್ಯವಿದೆ, ಯಕ್ಷಗಾನವಿದೆ, ಡೊಳ್ಳು ಕುಣಿತ, ಕಂಸಾಳೆಗಳಿವೆ, ಅವು ಸಾಲದೇ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು, ಇದು ನಮಗೆ ಪರಕೀಯವಲ್ಲ. ಉದಯ ಶಂಕರ್ ಅಲ್ಮೋರಾದಲ್ಲಿ ನಡೆಸಿದ ಸಂಸ್ಕೃತಿ ಕೇಂದ್ರದಲ್ಲಿ ಶಾಸ್ತ್ರೀಯ ಗುರುಗಳ ಪಾಠದೊಡನೆ ಆಶುನೃತ್ಯದ ತರಗತಿಯೂ ಇತ್ತು. 1940ರ ದಶಕದ ಆರಂಭದಲ್ಲಿ ಅಲ್ಲಿ ಕಲಿತ ಹುಡುಗರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಕೂಡ ಒಬ್ಬರು. ಅವರು ಮುಂದೆ ಚಿತ್ರ ನಿರ್ದೇಶಕರಾದರು. ಚೆನ್ನೈನ ಚಂದ್ರಲೇಖಾ 1985ರ ‘ಅಂಗಿಕ’ದಲ್ಲಿ ಭರತನಾಟ್ಯವನ್ನು ಯೋಗ ಮತ್ತು ಕಳರಿಪಯಟ್ಟುಗಳ ಬಳಿಗೆ ತಂದು, ದೇವರ ಕಥೆಯಿಂದ ದೇಹದ ಕಥೆಗೆ ನೃತ್ಯವನ್ನು ತಿರುಗಿಸಿದರು. ನಮ್ಮ ಬೆಂಗಳೂರಂತೂ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ನೆಲೆಗಳಲ್ಲೊಂದು. ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನು ಶಾಸ್ತ್ರವಾಗಿ ಕಲಿತ ಮಾಯಾ ರಾವ್ ದೆಹಲಿಯಲ್ಲಿ ಕಟ್ಟಿದ ತಮ್ಮ ಸಂಸ್ಥೆಯನ್ನು 1987ರಲ್ಲಿ ಇಲ್ಲಿಗೆ ತಂದರು. ಅವರ ಪುತ್ರಿ ಮಧು ನಟರಾಜ್ 1995ರಲ್ಲಿ ‘ಸ್ಟೆಮ್’ ತಂಡವನ್ನು ಆರಂಭಿಸಿದರು. ಜಯಚಂದ್ರನ್ ಪಾಲಾಳಿ 1992ರಲ್ಲಿ ಸ್ಥಾಪಿಸಿದ ‘ಆಟಕ್ಕಲರಿ’ ಈ ನಗರದಲ್ಲಿ ಬೇರೂರಿ, ಸಮಕಾಲೀನ ನೃತ್ಯದಲ್ಲಿ ಡಿಪ್ಲೊಮಾ ತರಬೇತಿ ನೀಡಿ, 2000ದಿಂದ ಅಂತರರಾಷ್ಟ್ರೀಯ ನೃತ್ಯೋತ್ಸವಗಳನ್ನು ಸಂಘಟಿಸಿತು. ಕಲಿಸಬಲ್ಲವರು ನಮ್ಮ ನಗರದಲ್ಲೇ ಇದ್ದಾರೆ. ಆದರೆ ಅವರ ಸ್ಟುಡಿಯೋಗೂ ನಮ್ಮ ಸರ್ಕಾರಿ ಪದವಿ ಕಾಲೇಜಿಗೂ ನಡುವೆ ದಾರಿಯಿಲ್ಲ.

ಎರಡನೆಯ ಉತ್ತರ ಇನ್ನೂ ಮುಖ್ಯವಾದುದು. ಶಾಸ್ತ್ರೀಯ ನೃತ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದು ಆರೇಳು ವರ್ಷದ ವಯಸ್ಸಿನಲ್ಲಿ ಅಡವುಗಳಿಂದ ಆರಂಭವಾಗಿ ಹತ್ತು ಹನ್ನೆರಡು ವರ್ಷ ಬೇಡುವ ವಿದ್ಯೆ. ಅಷ್ಟು ಕಾಲ ಗುರುದಕ್ಷಿಣೆ ಕೊಟ್ಟು, ಒಡವೆ ವೇಷಭೂಷಣ ಹೊಂದಿಸಿ, ಸಭಾಂಗಣ ಹಿಡಿದು ರಂಗಪ್ರವೇಶ ಮಾಡಿಸಲು ಎಷ್ಟು ಕುಟುಂಬಗಳಿಗೆ ಸಾಧ್ಯ? ಈ ವೆಚ್ಚದ ಜೊತೆಗೆ ಜಾತಿಯ ಮತ್ತು ಪರಿಸರದ ಗೋಡೆಗಳೂ ಇವೆ ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಯಕ್ಷಗಾನವೋ ಕಂಸಾಳೆಯೋ ಅವುಗಳದೇ ಊರು, ಗುರು, ಕುಟುಂಬಗಳ ಹಿನ್ನೆಲೆಯಲ್ಲಿ ಬೆಳೆದವು. ಅವನ್ನು ಮೂರು ವಾರದಲ್ಲಿ ಕಲಿಸಿ ವೇದಿಕೆಗೆ ಹತ್ತಿಸುವುದು ಆ ಕಲೆಗೂ ಮಾಡುವ ಅನ್ಯಾಯ. ಹದಿನೆಂಟನೆಯ ವಯಸ್ಸಿನಲ್ಲಿ, ಯಾವ ಪೂರ್ವ ತಯಾರಿಯೂ ಇಲ್ಲದೆ, ಹತ್ತಿಯ ಪ್ಯಾಂಟು ಮತ್ತು ಸಡಿಲ ಅಂಗಿಯಲ್ಲಿ ಬಂದು ನಿಂತ ವಿದ್ಯಾರ್ಥಿಗೆ ‘ನೀನು ತಡವಾಗಿ ಬಂದೆ’ ಎಂದು ಹೇಳದ ನೃತ್ಯವೊಂದು ಬೇಕಲ್ಲವೇ? ಸಮಕಾಲೀನ ನೃತ್ಯದ ಆರಂಭದ ತರಗತಿ ಅಂಥದು. ಅಂಗವೈಕಲ್ಯವೂ ಅಲ್ಲಿ ಅನರ್ಹತೆಯಲ್ಲ. ಗಾಲಿಕುರ್ಚಿಯ ನರ್ತಕರು ಮತ್ತು ಇತರ ನರ್ತಕರು ಕೂಡಿ ಕುಣಿಯುವ ‘ಕ್ಯಾಂಡೊಕೊ’ ತಂಡ 1991ರಲ್ಲಿಯೇ ಬ್ರಿಟನ್ನಿನಲ್ಲಿ ಆರಂಭವಾಗಿತ್ತು.

ಇದರಿಂದ ವಿದ್ಯಾರ್ಥಿಗೆ ಆಗುವ ಲಾಭವೇನು ಎಂಬುದು ಪೋಷಕರ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ಹೇಳಿದೆ. ಆಟದ ಮೈದಾನವೇ ಇಲ್ಲದ ನಗರದ ಕಾಲೇಜುಗಳಲ್ಲಿ ಅದು ಎಲ್ಲಿಂದ ಬರಬೇಕು? ಆದರೆ ನಾನು ಆರೋಗ್ಯದ ಲೆಕ್ಕಾಚಾರಕ್ಕೇ ನಿಲ್ಲಲಾರೆ. ಅಷ್ಟಕ್ಕೆ ಓಟವೂ ಸಾಕು.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ಇಂಥ ತರಗತಿಯನ್ನು ಒಂದಿಡೀ ಸೆಮಿಸ್ಟರ್ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ನನಗೆ ಒದಗಿತ್ತು. ಮೊದಲ ವಾರ ಅಧ್ಯಾಪಕಿ ಹೇಳಿದ್ದು ಇಷ್ಟೇ: ಕೋಣೆಯ ತುಂಬ ನಡೆಯಿರಿ, ಯಾರಿಗೂ ತಾಗಬೇಡಿ, ಖಾಲಿ ಜಾಗ ಕಂಡಲ್ಲಿಗೆ ಹೋಗಿ. ಹುಡುಗರು ನಡುವಿನ ಜಾಗವನ್ನೆಲ್ಲ ಆಕ್ರಮಿಸಿಕೊಂಡರು. ಹುಡುಗಿಯರು ಎದೆಗೆ ಕೈಕಟ್ಟಿ ಗೋಡೆಯ ಪಕ್ಕದಲ್ಲೇ ಸುತ್ತಿದರು. ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲ. ಹದಿನೆಂಟು ವರ್ಷಗಳ ಬದುಕು ಹೇಳಿಕೊಟ್ಟಿತ್ತು. ಅಧ್ಯಾಪಕಿ ಉಪನ್ಯಾಸ ಮಾಡಲಿಲ್ಲ. ನಿಂತಲ್ಲೇ ನಿಂತು ಸುತ್ತ ನೋಡಲು ಹೇಳಿದರು. ಎಲ್ಲರಿಗೂ ಅರ್ಥವಾಯಿತು, ಕೆಲವರು ನಕ್ಕರು, ಒಂದಿಬ್ಬರು ತಲೆ ತಗ್ಗಿಸಿದರು. ಎಂಟನೆಯ ವಾರದ ಹೊತ್ತಿಗೆ ಅದೇ ಹುಡುಗಿಯರು ಕೋಣೆಯ ನಟ್ಟನಡುವೆ ಕೈಬೀಸಿ ನಡೆಯುತ್ತಿದ್ದರು. ಲಿಂಗ ಸಮಾನತೆಯ ಬಗ್ಗೆ ನಾನು ಕೇಳಿದ ವಿಚಾರ ಸಂಕಿರಣಗಳು ಹಲವು. ಇಷ್ಟು ಸ್ಪಷ್ಟವಾದ ಪಾಠವನ್ನು ಅವುಗಳಲ್ಲಿ ಕಂಡ ನೆನಪಿಲ್ಲ.

ಆ ತರಗತಿಯಲ್ಲಿ ವಾಣಿಜ್ಯ ಪದವಿಯ ಒಬ್ಬ ವಿದ್ಯಾರ್ಥಿಯಿದ್ದ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದವನು; ಇಂಗ್ಲಿಷಿನ ಭಯದಿಂದ ತರಗತಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ನೆಲದಿಂದ ಏಳುವ ಮೂರು ಬೇರೆ ಬೇರೆ ವಿಧಾನಗಳನ್ನು ತಾವೇ ಹುಡುಕಿ ತರಬೇಕೆಂದು ಹೇಳಿದಾಗ, ಅವನು ಗದ್ದೆಯಲ್ಲಿ ಹುಲ್ಲಿನ ಹೊರೆ ಹೊತ್ತು ಏಳುವ ರೀತಿಯನ್ನು ಮಾಡಿ ತೋರಿಸಿದ. ಮೊಣಕಾಲು ಊರುವುದು, ಸೊಂಟ ಕೊಡುವುದು, ಕತ್ತು ನೆಟ್ಟಗಿಡುವುದು. ಇಡೀ ತರಗತಿ ಅದನ್ನು ಅವನಿಂದ ಕಲಿಯಿತು. ನಗರದ ಮಕ್ಕಳಿಗೆ ಅದು ಸುಲಭವಾಗಿ ಬರಲೂ ಇಲ್ಲ. ಭಾಷೆ, ಅಂಕ, ಉಡುಪುಗಳ ಮೇಲೆ ನಿಂತ ನಮ್ಮ ಶ್ರೇಣೀಕರಣದಲ್ಲಿ ಸದಾ ಕೊನೆಯ ಬೆಂಚಿನಲ್ಲಿದ್ದವನಿಗೆ ಗೊತ್ತಿದ್ದ ಸಂಗತಿಯೊಂದು ಅಂದು ವಿದ್ಯೆಯೆನಿಸಿತು. ಸಿನಿಮಾ ಹಾಡಿನ ಹೆಜ್ಜೆಗಳನ್ನು ಕಂಠಪಾಠ ಮಾಡಿಸುವ ತರಗತಿಯಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಇಲ್ಲಿ ವಿದ್ಯಾರ್ಥಿ ಅದನ್ನು ಹುಡುಕಬೇಕು. ವಿಶ್ವವಿದ್ಯಾಲಯದ ಕೆಲಸವೆಂದು ನಾವು ಹೇಳಿಕೊಳ್ಳುವುದೂ ಅದನ್ನೇ.

ಮುಂದಿನ ಸೆಮಿಸ್ಟರಿನಲ್ಲಿ ಆ ತರಗತಿ ನಿಂತುಹೋಯಿತು. ಸಭಾಂಗಣ ಪರೀಕ್ಷೆಗೆ ಬೇಕಾಯಿತು, ಅತಿಥಿ ಅಧ್ಯಾಪಕಿಯ ಗೌರವಧನದ ಕಡತ ಮರಳಿ ಬಂತು, ‘ಒಂದು ಪ್ರದರ್ಶನವನ್ನೂ ಕೊಡಲಿಲ್ಲವಲ್ಲ’ ಎಂಬ ಆಕ್ಷೇಪವೂ ಸೇರಿಕೊಂಡಿತು. ಇಂಥ ಪ್ರಯತ್ನಗಳು ಸಾಮಾನ್ಯವಾಗಿ ಕೊನೆಗೊಳ್ಳುವುದೇ ಹೀಗೆ. ಯಾರೂ ವಿರೋಧಿಸುವುದಿಲ್ಲ, ಯಾವ ವೇಳಾಪಟ್ಟಿಯಲ್ಲೂ ಅವುಗಳಿಗೆ ಸ್ವಂತದ ಜಾಗವಿಲ್ಲದಿರುವುದರಿಂದ ತಾವಾಗಿ ಕಣ್ಮರೆಯಾಗುತ್ತವೆ.

ನೀತಿಯ ಮಟ್ಟದಲ್ಲೂ ಇದೇ ಅಸ್ಥಿರತೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದ ಕರ್ನಾಟಕ, ಪದವಿ ಪಠ್ಯಕ್ರಮದಲ್ಲಿ ಯೋಗ, ಕ್ರೀಡೆ, ಸಾಂಸ್ಕೃತಿಕ ಚಟುವಟಿಕೆಗಳಿಗೂ ಕ್ರೆಡಿಟ್ ನೀಡಿತು. ನಾನು ಕಂಡ ಕಾಲೇಜುಗಳಲ್ಲಿ ಅದು ಬಹುಮಟ್ಟಿಗೆ ಹಾಜರಾತಿ ಪುಸ್ತಕದ ಸಹಿಯಾಗಿ ಉಳಿಯಿತು, ಏಕೆಂದರೆ ಕ್ರೆಡಿಟ್ ಬಂದರೂ ಶಿಕ್ಷಕರು ಬರಲಿಲ್ಲ. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ 2024–25ರಿಂದ ಮೂರು ವರ್ಷದ ಪದವಿ ಹಿಂತಿರುಗಿತು. ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಚರ್ಚೆಯಲ್ಲಿ, ಆ ವರ್ಷಗಳನ್ನು ವಿದ್ಯಾರ್ಥಿಯ ದೇಹ ಹೇಗೆ ಕಳೆಯುತ್ತದೆ ಎಂಬುದನ್ನು ಕೇಳಿದವರು ವಿರಳ.

ಹಾಗಿದ್ದರೆ ಮಾಡಬೇಕಾದುದೇನು? ನನ್ನ ಸಲಹೆಗಳು ದುಬಾರಿಯವಲ್ಲ. ವಾರಕ್ಕೆ ಎರಡು ದಿನ, ತಲಾ ಒಂದೂವರೆ ಗಂಟೆ, ಎಲ್ಲ ವಿಭಾಗದವರಿಗೂ ತೆರೆದ ಐಚ್ಛಿಕ ತರಗತಿಯೊಂದನ್ನು ವಿಶ್ವವಿದ್ಯಾಲಯಗಳು ಆರಂಭಿಸಲಿ. ಒಂದು ತಂಡದಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಮಂದಿ ಬೇಡ. ಆಯ್ಕೆ ಪರೀಕ್ಷೆಯನ್ನಂತೂ ಇಡಲೇಬಾರದು. ಅದನ್ನಿಟ್ಟ ದಿನ ಮತ್ತೆ ಬಲ್ಲವರೇ ಒಳಗೆ, ಉಳಿದವರು ಹೊರಗೆ. ಅಂಕಗಳೂ ಬೇಡ. ಹಾಜರಾತಿ ಮತ್ತು ವಾರಕ್ಕೊಂದು ಪುಟದ ಟಿಪ್ಪಣಿ ಇಟ್ಟರೆ ಉತ್ತೀರ್ಣ ಎನ್ನುವಷ್ಟು ಸಾಕು. ಮೊದಲ ವರ್ಷ ವಾರ್ಷಿಕೋತ್ಸವದಲ್ಲಿ ಪ್ರದರ್ಶನ ಕೊಡುವಂತೆ ಯಾರೂ ಒತ್ತಾಯಿಸಬಾರದು.

ನೆಲದ ಬಗ್ಗೆ ಎಚ್ಚರ ಬೇಕು. ನಮ್ಮ ಸಭಾಂಗಣಗಳ ಸಿಮೆಂಟು, ಗ್ರಾನೈಟುಗಳ ಮೇಲೆ ನೆಗೆತಗಳನ್ನು ಮಾಡಿಸಿದರೆ ಮೊಣಕಾಲು, ಕಣಕಾಲುಗಳಿಗೆ ಪೆಟ್ಟು ತಪ್ಪಿದ್ದಲ್ಲ. ಕೆಳಗೆ ಟೊಳ್ಳು ಬಿಟ್ಟು ಹಾಸಿದ ಮರದ ನೆಲವೇ ನೆಗೆತಕ್ಕೆ ಯೋಗ್ಯ. ಅದು ಆಗುವವರೆಗೆ ನಡೆಯುವುದು, ಉರುಳುವುದು, ಭಾರ ಹಂಚಿಕೊಳ್ಳುವುದು ಮುಂತಾದ ಅಭ್ಯಾಸಗಳಿಗೆ ಸ್ವಚ್ಛವಾದ ಒಂದು ಕೋಣೆ ಮತ್ತು ವ್ಯಾಯಾಮದ ಚಾಪೆಗಳು ಸಾಕು.

ಸ್ಪರ್ಶದ ವಿಚಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಪೋಷಕರ ಆತಂಕವನ್ನು ಸಂಪ್ರದಾಯವಾದವೆಂದು ತಳ್ಳಿಹಾಕುವುದು ಸರಿಯಲ್ಲ. ನೃತ್ಯ ಕಲಿಸುವ ನೆಪದಲ್ಲಿ ಅಧಿಕಾರದ ದುರುಪಯೋಗ ನಡೆದ ಉದಾಹರಣೆಗಳು ಕಲಾ ಜಗತ್ತಿನಲ್ಲಿವೆ. ಕೇಳದೆ ಯಾರೂ ಯಾರನ್ನೂ ಮುಟ್ಟಬಾರದು, ಶಿಕ್ಷಕರೂ ಸೇರಿದಂತೆ. ಯಾವುದೇ ಅಭ್ಯಾಸದಿಂದ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ವಿದ್ಯಾರ್ಥಿಗಿರಬೇಕು. ಯುಜಿಸಿ 2015ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಇರಬೇಕಾದ ಆಂತರಿಕ ದೂರು ಸಮಿತಿಯ ಬಗ್ಗೆ ಮೊದಲ ದಿನವೇ ಎಲ್ಲರಿಗೂ ತಿಳಿಸಬೇಕು. ಹೀಗೆ ನಡೆದ ತರಗತಿಯಲ್ಲಿ ‘ಬೇಡ’ ಎಂದು ಹೇಳುವುದನ್ನೂ, ಆ ಮಾತನ್ನು ಕೇಳಿ ಗೌರವಿಸುವುದನ್ನೂ ನಮ್ಮ ಮಕ್ಕಳು ಕಲಿಯುತ್ತಾರೆ. ಇದನ್ನು ಕಲಿಸುವ ಬೇರೆ ಯಾವ ತರಗತಿ ನಮ್ಮಲ್ಲಿದೆ?

ಇನ್ನು ಶಿಕ್ಷಕರು. ನೃತ್ಯ ತಂಡಗಳಲ್ಲಿ ತರಬೇತಿ ಪಡೆದ ಯುವ ಕಲಾವಿದರಲ್ಲಿ ಬಹುಮಂದಿ ಮದುವೆ ಆರತಕ್ಷತೆಗಳಿಗೂ ಕಂಪನಿಗಳ ಸಮಾರಂಭಗಳಿಗೂ ಕುಣಿತ ಸಂಯೋಜಿಸಿ ಜೀವನ ಸಾಗಿಸುತ್ತಿದ್ದಾರೆ. ಅವರಿಗೆ ಸೆಮಿಸ್ಟರ್ ಅವಧಿಯ ಖಚಿತ ಕೆಲಸ, ತಿಂಗಳಿಗೆ ಸರಿಯಾಗಿ ಕೈಸೇರುವ ಸಂಭಾವನೆ ಸಿಕ್ಕರೆ ಕಾಲೇಜಿಗೂ ಲಾಭ, ಕಲೆಗೂ ಲಾಭ. ಸ್ನಾತಕೋತ್ತರ ಪದವಿ, ಎನ್‌ಇಟಿ ಎಂಬ ಅರ್ಹತೆಯ ಬೇಲಿಯನ್ನು ಇಲ್ಲಿ ಸಡಿಲಿಸದೆ ಬೇರೆ ದಾರಿಯಿಲ್ಲ.

ಗಂಭೀರ ವಿದ್ಯೆಗೂ ನೃತ್ಯಕ್ಕೂ ಹೊಂದಿಕೆಯಿಲ್ಲ ಎನ್ನುವ ಹಿರಿಯ ಸಹೋದ್ಯೋಗಿಗಳಿಗೆ ಒಂದು ನೆನಪು. ಇದೇ ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಯು.ಎಸ್. ಕೃಷ್ಣರಾವ್, ಪತ್ನಿ ಚಂದ್ರಭಾಗಾ ದೇವಿಯವರೊಂದಿಗೆ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತು, ಗಂಡಸರು ಕುಣಿಯುವುದೇ ಅಗೌರವವೆಂದು ತಿಳಿದಿದ್ದ ಕಾಲದಲ್ಲಿ ವೇದಿಕೆಯೇರಿದ್ದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಶಿಕ್ಷಣ ನೆಲೆಗೊಳ್ಳಲು ದುಡಿದವರೂ ಅವರೇ. ಪ್ರಯೋಗಶಾಲೆಯಿಂದ ನೃತ್ಯಶಾಲೆಗೆ ಅವರಿಗೆ ದೂರ ಕಾಣಲಿಲ್ಲ.

ವಿಶ್ವವಿದ್ಯಾಲಯಗಳ ವಿದ್ಯಾವಿಷಯಕ ಪರಿಷತ್ತುಗಳು ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲಿ. ಎಲ್ಲ ಕಾಲೇಜುಗಳಲ್ಲೂ ಒಮ್ಮೆಗೇ ಆಗಬೇಕಿಲ್ಲ. ಐದು ಕಾಲೇಜುಗಳನ್ನು, ಅವುಗಳಲ್ಲಿ ಕನಿಷ್ಠ ಮೂರು ಸರ್ಕಾರಿ ಕಾಲೇಜುಗಳನ್ನು ಆರಿಸಿ, ಎರಡು ವರ್ಷ ನಡೆಸಿ ನೋಡಲಿ. ಫಲಿತಾಂಶವನ್ನು ಅಳೆಯಲು ಬಹುಮಾನಗಳನ್ನು ಎಣಿಸುವುದು ಬೇಡ. ಮೊದಲ ವಾರ ಗೋಡೆಯ ಪಕ್ಕದಲ್ಲಿದ್ದವರಲ್ಲಿ ಎಷ್ಟು ಮಂದಿ ಕೊನೆಯ ವಾರದವರೆಗೂ ಬಂದರು ಎಂಬುದನ್ನು ಮಾತ್ರ ಎಣಿಸಲಿ.